ಗುರುವಾರ ಮಳೆ ಬಂದಿರಲಿಲ್ಲ

ಕನ್ನಡ ಮೇಷ್ಟ್ರು ಹೋದ ಸುದ್ದಿ ಬಂದಾಗ ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತಿದ್ದೆ. ಫೋನ್ ಮಾಡಿದವಳು ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ಬೆಂಚಿನಲ್ಲೇ ಕೂತ ಗೆಳತಿ. "ಮೇಷ್ಟ್ರು ಹೋದ್ರು ಕಣೆ" ಅಂದಳು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎದುರಿಗೆ ರಿಜಿಸ್ಟರ್ಡ್ ಪೋಸ್ಟ್ ಹಿಡಿದು ನಿಂತಿದ್ದವರು ನನ್ನ ಮುಖ ನೋಡಿ, "ಆಮೇಲೆ ಬರ್ತೀನಿ ಬಿಡಿ ಮೇಡಂ" ಅಂತ ಪಕ್ಕಕ್ಕೆ ಸರಿದರು.

ಶಾಲೆಯ ಸಂಚಿಕೆಗೆ ಎರಡು ಪುಟ ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದು ಅದಾದ ಒಂದು ವಾರಕ್ಕೆ. ನಾನು 1984ರಲ್ಲಿ ಎಂಟನೇ ಕ್ಲಾಸಿಗೆ ಸೇರಿ 1987ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು. ಆಗ ಓದಿದ ಪಾಠಗಳಲ್ಲಿ ಈಗ ನೆನಪಿರುವುದು ಬಹಳ ಕಡಿಮೆ. ವ್ಯಾಕರಣ ಮರೆತಿದೆ, ಬೀಜಗಣಿತ ಪೂರ್ತಿ ಮರೆತಿದೆ. ನೆನಪಿರುವುದು ಒಂದು ನೋಟ್‌ಬುಕ್.

ಅದನ್ನು ನಾವು ಐದು ಸಾಲಿನ ಪುಸ್ತಕ ಅಂತ ಕರೆಯುತ್ತಿದ್ದೆವು. ಕನ್ನಡ ಪೀರಿಯಡ್ಡಿನ ಮೊದಲ ಐದು ನಿಮಿಷ ಎಲ್ಲರೂ ಅದನ್ನು ತೆಗೆಯಬೇಕು. ನಿನ್ನೆ ಶಾಲೆ ಬಿಟ್ಟ ಮೇಲಿಂದ ಇವತ್ತು ಶಾಲೆಗೆ ಬರುವವರೆಗೆ ಕಂಡದ್ದು, ಕೇಳಿದ್ದು ಏನಾದರೂ ಸರಿ, ಐದು ಸಾಲು ಬರೆಯಬೇಕು. ಆರನೇ ಸಾಲು ಬರೆದರೆ ತಪ್ಪಿಲ್ಲ, ನಾಲ್ಕಕ್ಕೆ ನಿಲ್ಲಿಸುವ ಹಾಗಿಲ್ಲ. ಶನಿವಾರ, ಭಾನುವಾರ ಮನೆಯಲ್ಲೇ ಬರೆಯಬೇಕು. 'ಸುಂದರ', 'ರಮಣೀಯ', 'ಮನಮೋಹಕ' ಈ ಮೂರು ಮಾತಿಗೆ ಮಾತ್ರ ಬಹಿಷ್ಕಾರ.

ಮೊದಲ ದಿನ ನಾನು, "ಏನೂ ನಡೆದೇ ಇಲ್ಲ ಸಾರ್, ಏನು ಬರೀಲಿ?" ಅಂತ ಕೇಳಿದ್ದೆ. "ಮನೇಲಿ ಮಾತಾಡೋಕೆ ಏನಾದ್ರೂ ನಡೀಲೇಬೇಕಾ? ಸುಮ್ನೆ ಮಾತಾಡ್ತೀಯಲ್ಲ, ಹಾಗೇ ಬರಿ" ಅಂದಿದ್ದರು.

ಮೇಷ್ಟ್ರು ಆ ಪುಸ್ತಕಕ್ಕೆ ಕೆಂಪು ಮಸಿ ಮುಟ್ಟಿಸುತ್ತಿರಲಿಲ್ಲ. ಮಾರ್ಕ್ಸ್ ಇಲ್ಲ, ಗುಡ್ ಇಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಒಂದು ಪ್ರಶ್ನೆ ಬರೆಯುತ್ತಿದ್ದರು. 'ಯಾವ ಬಣ್ಣ?' 'ಎಷ್ಟು?' 'ಆಮೇಲೆ?' ಅಷ್ಟೇ.

ಅಡಿಕೆ ಕೊಯ್ಲಿನ ಕಾಲದಲ್ಲಿ ಒಂದು ದಿನ ನಾನು 'ಅಮ್ಮ ಬೆಳಿಗ್ಗೆ ದೋಸೆ ಹೊಯ್ದಳು' ಅಂತ ಶುರು ಮಾಡಿ ಹೇಗೋ ಐದು ಸಾಲು ತುಂಬಿಸಿದ್ದೆ. ಅಂಚಿನಲ್ಲಿ ಪೆನ್ಸಿಲ್ ಅಕ್ಷರ: 'ಯಾವ ಕೈಯಲ್ಲಿ ಮಗುಚಿದಳು?' ಇದೆಂಥ ಪ್ರಶ್ನೆ ಅನ್ನಿಸಿತು. ಆದರೂ ಮರುದಿನ ಬೆಳಿಗ್ಗೆ ಒಲೆಯ ಹತ್ತಿರ ಹೋಗಿ ನಿಂತೆ. ಅಮ್ಮ ಎಡಗೈಯಲ್ಲಿ ಸಟ್ಟುಗ ಹಿಡಿದಿದ್ದಳು. ಬಲಗೈ ಹೆಬ್ಬೆರಳಿಗೆ ಹಳೇ ಸೀರೆಯ ಚೂರು ಸುತ್ತಿತ್ತು. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ತಾಗಿತ್ತಂತೆ, ಮೂರು ದಿನದ ಹಿಂದೆ. ಆ ಮೂರೂ ದಿನ ನಾನು ಅದೇ ಅಡುಗೆಮನೆಯಲ್ಲಿ ಕೂತು ದೋಸೆ ತಿಂದಿದ್ದೆ.

ಅವತ್ತು ಐದು ಸಾಲು ಬರೆಯುವಾಗ ಕೈ ನಡುಗಿತು. ಆ ಪುಟಕ್ಕೆ ಮೇಷ್ಟ್ರು ಏನೂ ಪ್ರಶ್ನೆ ಹಾಕಲಿಲ್ಲ.

ಇನ್ನು ನನ್ನ ಗೆಳತಿ. ಅವಳ ಮನೆಯವರು ಶರಾವತಿ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಊರು, ಗದ್ದೆ, ತೋಟ ಎಲ್ಲ ಬಿಟ್ಟು ಬಂದವರು. ಅವಳು ಕ್ಲಾಸಿನಲ್ಲಿ ಬಾಯಿ ಬಿಟ್ಟಿದ್ದೇ ಅಪರೂಪ. ಪ್ರಶ್ನೆ ಕೇಳಿದರೆ ಎದ್ದು ನಿಂತು ನೆಲ ನೋಡುತ್ತಿದ್ದಳು. ಅವಳಿಗೆ ಓದು ತಲೆಗೆ ಹತ್ತಲ್ಲ ಅಂತ ನಾವೆಲ್ಲ ತೀರ್ಮಾನ ಮಾಡಿಬಿಟ್ಟಿದ್ದೆವು.

ಒಂದು ದಿನ ಅವಳ ಐದು ಸಾಲನ್ನು ಮೇಷ್ಟ್ರು ಕ್ಲಾಸಿಗೆ ಓದಿದರು. ನನಗೆ ಇವತ್ತಿಗೂ ಬಾಯಿಗೆ ಬರುತ್ತದೆ:

"ಇವತ್ತು ಪೇಪರಿನಲ್ಲಿ ಲಿಂಗನಮಕ್ಕಿ ನೀರು ಎಷ್ಟು ಅಡಿ ಅಂತ ಅಜ್ಜ ಕೇಳಿದ. ಓದಿ ಹೇಳಿದೆ. ಹಾಗಾದ್ರೆ ನಮ್ಮ ಬಾವಿಕಟ್ಟೆ ಮುಳುಗಿತು ಅಂದ. ಬಾವಿ ಮುಳುಗಿ ಇಪ್ಪತ್ತು ವರ್ಷ ಆಗಿದೆ. ಅಜ್ಜ ಪ್ರತಿ ಮಳೆಗಾಲ ಅದನ್ನು ಇನ್ನೊಂದು ಸಲ ಮುಳುಗಿಸುತ್ತಾನೆ."

ಮೇಷ್ಟ್ರು ಅದನ್ನು ಮೂರು ಸಲ ಓದಿದರು. ಮೂರನೇ ಸಲ ಓದುವಾಗ ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಲಿಂಗನಮಕ್ಕಿ ತುಂಬುವುದು 1819 ಅಡಿಗೆ. ಮಳೆಗಾಲದಲ್ಲಿ ನೀರಿನ ಮಟ್ಟ ಪೇಪರಿನಲ್ಲಿ ಬರುತ್ತದೆ ಅಂತ ನಮಗೆಲ್ಲ ಗೊತ್ತಿತ್ತು. ಅದನ್ನು ಒಬ್ಬ ಅಜ್ಜ ಹೀಗೆ ಲೆಕ್ಕ ಹಾಕುತ್ತಾನೆ ಅಂತ ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದರೆ ಹಳೆಯ ಮಡೆನೂರು ಅಣೆಕಟ್ಟು ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ನಾನು ಹೋದಾಗಲೆಲ್ಲ ನನ್ನ ಕಣ್ಣು ಹುಡುಕುವುದು ಆ ಬಾವಿಕಟ್ಟೆಯನ್ನು.

ಈಗ ನಮ್ಮ ಕಿತಾಪತಿಯ ವಿಷಯ ಹೇಳಬೇಕು.

ಒಂಬತ್ತನೇ ಕ್ಲಾಸಿನ ಜುಲೈ ತಿಂಗಳು. ಮೇಷ್ಟ್ರು ಯಾವುದೋ ತರಬೇತಿಗೆ ಅಂತ ಒಂದು ವಾರ ರಜೆ ಮೇಲೆ ಹೋಗಿದ್ದರು. ಐದು ಸಾಲು ಮಾತ್ರ ನಿಲ್ಲಿಸಬೇಡಿ, ಬಂದ ಮೇಲೆ ನೋಡುತ್ತೇನೆ ಎಂದಿದ್ದರು. ನಾವು ನಿಲ್ಲಿಸಿದೆವು. ಭಾನುವಾರ ರಾತ್ರಿ ನಾನೂ ಗೆಳತಿಯೂ ನಮ್ಮ ಮನೆ ಜಗಲಿಯಲ್ಲಿ ಲಾಟೀನು ಇಟ್ಟುಕೊಂಡು ಇಡೀ ವಾರದ್ದನ್ನು ಒಂದೇ ಏಟಿಗೆ ಬರೆದೆವು. ಸೋಮವಾರದ್ದು ನೀಲಿ ಪೆನ್ನು, ಮಂಗಳವಾರದ್ದು ಕಪ್ಪು. ಬುಧವಾರದ ಪುಟಕ್ಕೆ ಸ್ವಲ್ಪ ನೀರು ಚಿಮುಕಿಸಿ ಮಳೆಗೆ ನೆನೆದ ಹಾಗೆ ಮಾಡಿದೆವು. ಗುರುವಾರಕ್ಕೆ ನಾನು ಬರೆದದ್ದು: 'ಭಾರೀ ಮಳೆ. ಹಳ್ಳ ಉಕ್ಕಿ ಬಂತು. ನಾನು ನೋಡುತ್ತಿದ್ದ ಹಾಗೇ ಸಂಕ ತೇಲಿಹೋಯಿತು.' ಸಂಕ ಅಂದರೆ ಹಳ್ಳ ದಾಟಲು ಹಾಕುವ ಮರದ ಕಾಲುಸೇತುವೆ.

ಮೇಷ್ಟ್ರು ಬಂದವರು ಪುಸ್ತಕಗಳನ್ನು ಸ್ಟಾಫ್ ರೂಮಿಗೆ ಒಯ್ದರು. ಅಲ್ಲಿ ಗಣಿತದ ಮೇಷ್ಟ್ರು ಕೂತಿದ್ದರು.

ಗಣಿತದ ಮೇಷ್ಟ್ರ ಬಗ್ಗೆ ಹೇಳದಿದ್ದರೆ ಈ ಕತೆ ಅರ್ಧ. ನಮ್ಮ ಶಾಲೆಯ ಧ್ವಜಕಂಬದ ಹತ್ತಿರ ಮಳೆ ಅಳೆಯುವ ಡಬ್ಬ ಒಂದಿತ್ತು. ಪ್ರತಿದಿನ ಬೆಳಿಗ್ಗೆ ಸರಿಯಾಗಿ 8:30ಕ್ಕೆ ಅವರು ಕೊಡೆ ಹಿಡಿದು ಅದರ ಮುಂದೆ ನಿಂತಿರುತ್ತಿದ್ದರು. ರಜಾ ದಿನವೂ ಬಿಡುತ್ತಿರಲಿಲ್ಲ. ದೇಶದ ಎಲ್ಲ ಕಡೆ ಮಳೆ ಅಳೆಯುವುದು ಆ ಹೊತ್ತಿಗೇ, ನಾವು ಒಬ್ಬರು ತಪ್ಪಿದರೆ ಹೇಗೆ ಅನ್ನುತ್ತಿದ್ದರು. ಬಹಳ ಕಟ್ಟುನಿಟ್ಟು. ಒಮ್ಮೆ ನಮ್ಮ ಕೈಬರಹದ ಪತ್ರಿಕೆಯಲ್ಲಿ ಯಾರೋ ಅವರ ಕೊಡೆಯ ಮೇಲೇ ಪದ್ಯ ಬರೆದಿದ್ದರು. ಬೈಗುಳ ಗ್ಯಾರಂಟಿ ಅಂದುಕೊಂಡಿದ್ದೆವು. ಅವರು ಓದಿ, "ಪ್ರಾಸ ಚೆನ್ನಾಗಿದೆ. ಆದ್ರೆ ಕೊಡೆಗೆ ಕಡ್ಡಿ ಎಂಟು, ಏಳು ಅಂತ ಬರೆದಿದ್ದೀರಿ, ತಿದ್ದಿ" ಅಂತ ವಾಪಸ್ ಕೊಟ್ಟರು. ಅಂಥವರು.

ಮರುದಿನ ಇಬ್ಬರೂ ಮೇಷ್ಟ್ರು ಒಟ್ಟಿಗೆ ಕ್ಲಾಸಿಗೆ ಬಂದರು. ಗಣಿತದ ಮೇಷ್ಟ್ರ ಕೈಯಲ್ಲಿ ಮಳೆ ಲೆಕ್ಕದ ಪುಸ್ತಕ. ನನ್ನನ್ನು ಎಬ್ಬಿಸಿ ನಿಲ್ಲಿಸಿದರು.

"ಶುಕ್ರವಾರ ಬೆಳಿಗ್ಗೆ ಅಳೆದದ್ದು ಗುರುವಾರದ ಮಳೆ. ಎಷ್ಟಿದೆ ಓದಮ್ಮ."

ಓದಿದೆ. ಸೊನ್ನೆ ಇತ್ತು. ಆ ಜುಲೈ ತಿಂಗಳಲ್ಲಿ ಮಳೆ ಹೊಳವಾದದ್ದು ಅದೊಂದೇ ದಿನ! ಬಿಸಿಲು ಬಿದ್ದಿತ್ತು, ಅಮ್ಮ ಕಂಬಳಿಗಳನ್ನೆಲ್ಲ ಅಂಗಳದಲ್ಲಿ ಒಣಗಿಸಿದ್ದಳು. ನನಗೆ ಅದೂ ನೆನಪಿರಲಿಲ್ಲ.

ಇಡೀ ಕ್ಲಾಸು ನಕ್ಕಿತು. ಕನ್ನಡ ಮೇಷ್ಟ್ರು ನಗಲಿಲ್ಲ. ಪುಸ್ತಕ ತಿರುವಿ, "ಸಂಕ ತೇಲಿಹೋಯ್ತು ಅಂತ ಬರೆದಿದ್ದೀಯಲ್ಲ, ಮತ್ತೆ ನೀನು ಮನೆಗೆ ಹೇಗೆ ಹೋದೆ?" ಅಂತ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ.

"ಸುಳ್ಳು ಬರೆದಿದ್ದಕ್ಕೆ ನಾನು ಬೈಯಲ್ಲ. ಹುಡುಗಿಯನ್ನ ಹಳ್ಳದ ಈಚೆ ದಡದಲ್ಲಿ ಮಳೆಯಲ್ಲಿ ನಿಲ್ಲಿಸಿ ಬಂದಿದ್ದೀಯ, ಅದಕ್ಕೆ ಬೈತೀನಿ. ಕತ್ತಲಾಗ್ತಿದೆ. ನಾಳೆಯೊಳಗೆ ಅವಳನ್ನ ಮನೆ ಮುಟ್ಟಿಸು."

ಆ ರಾತ್ರಿ ನಾನು ನಾಲ್ಕು ಪುಟ ಬರೆದೆ. ಹುಡುಗಿ ಹಳ್ಳದ ದಡ ಹಿಡಿದು ಮೇಲಕ್ಕೆ ನಡೆದಳು. ದಾರಿಯಲ್ಲಿ ದನ ಹುಡುಕುತ್ತಿದ್ದ ಒಬ್ಬ ಅಜ್ಜ ಸಿಕ್ಕ. ಕಂಬಳಿ ಕೊಪ್ಪೆಯ ಒಳಗೆ ಅವಳನ್ನೂ ಸೇರಿಸಿಕೊಂಡ. ಆ ಅಜ್ಜ ಯಾರು ಅಂತ ಬರೆಯುತ್ತಾ ಹೋದಾಗಲೇ ನನಗೆ ಗೊತ್ತಾದದ್ದು: ಅವನು ತನ್ನ ಬಾವಿ ಹುಡುಕುತ್ತಿದ್ದ. ಗೆಳತಿಯ ಅಜ್ಜನನ್ನು ಕೇಳದೆ ತೆಗೆದುಕೊಂಡೆ ಅಂತ ಅವಳಿಗೆ ಬೆಳಿಗ್ಗೆ ಮೊದಲು ತೋರಿಸಿದೆ. ಓದಿ, "ಇರಲಿ, ನಿನ್ನ ಕತೇಲಾದ್ರೂ ಬಾವಿ ಸಿಗಲಿ" ಅಂದಳು. ಅದೇ ನನ್ನ ಮೊದಲ ಕತೆ.

ಗಣಿತದ ಮೇಷ್ಟ್ರ ಶಿಕ್ಷೆ ಬೇರೆಯೇ ಇತ್ತು. ಒಂದು ತಿಂಗಳು ನಾನು ಬೆಳಿಗ್ಗೆ 8:30ಕ್ಕೆ ಬಂದು ಅವರ ಜೊತೆ ಮಳೆ ಅಳೆಯಬೇಕು. ಗಾಜಿನ ಅಳತೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿಯಬೇಕು, ಬಗ್ಗಿ ನೋಡಿದರೆ ಲೆಕ್ಕ ತಪ್ಪುತ್ತದೆ. ನೀರು ಅಂಚಿನಲ್ಲಿ ಸ್ವಲ್ಪ ಮೇಲೆದ್ದಿರುತ್ತದೆ, ನಡುವಿನ ತಗ್ಗು ಎಲ್ಲಿದೆಯೋ ಅದನ್ನು ಓದಬೇಕು. ಕಾಲು ನೆನೆದು ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಒಬ್ಬರು ಊಹಿಸು ಅಂದರು, ಇನ್ನೊಬ್ಬರು ಸರಿಯಾಗಿ ನೋಡು ಅಂದರು. ನನಗೆ ಎರಡೂ ಒಂದೇ ವಾರದಲ್ಲಿ ಸಿಕ್ಕಿತು. ಎಂಥ ಪುಣ್ಯ ಮಾಡಿದ್ದೆನೋ.

ಅದೇ ವರ್ಷ, 1985ರಲ್ಲಿ, ನಾಟಕ ಸಂಸ್ಥೆ ನೀನಾಸಮ್‌ನ ತಿರುಗಾಟ, ಅಂದರೆ ಊರೂರು ಸುತ್ತಿ ನಾಟಕ ಆಡುವ ತಂಡ, ಶುರುವಾಯಿತು. ಮೇಷ್ಟ್ರು ನಮ್ಮನ್ನು ಹೆಗ್ಗೋಡಿನ ಶಿವರಾಮ ಕಾರಂತ ರಂಗಮಂದಿರಕ್ಕೆ ನಾಟಕ ನೋಡಲು ಕರೆದುಕೊಂಡು ಹೋದರು. ಮರುದಿನ ಎಲ್ಲರೂ ನಾಟಕದ ಕತೆ ಬರೆಯಲು ಹೊರಟರೆ, "ಅದು ನನಗೂ ಗೊತ್ತು. ನಿಮ್ಮ ಪಕ್ಕ ಕೂತವರು ಏನು ಮಾಡ್ತಿದ್ರು, ಅದನ್ನ ಬರೀರಿ" ಅಂದರು. ನನ್ನ ಪಕ್ಕ ಕೂತವರು ನಾಟಕ ಮುಗಿಯುವವರೆಗೂ ಒಂದೇ ಎಲೆ ಅಡಿಕೆಯನ್ನು ದವಡೆಯಲ್ಲಿಟ್ಟುಕೊಂಡು ಉಗುಳಲು ಎದ್ದಿರಲಿಲ್ಲ. ಅದನ್ನೇ ಬರೆದೆ.

ಅಂಚೆ ಇಲಾಖೆಗೆ ಸೇರಿದ ಮೇಲೆ ಈ ಅಭ್ಯಾಸ ನನಗೆ ಎಷ್ಟು ಉಪಯೋಗಕ್ಕೆ ಬಂತು ಅಂದರೆ ಯಾರೂ ನಂಬಲಿಕ್ಕಿಲ್ಲ. ಆಗ ಮನಿ ಆರ್ಡರ್ ಫಾರಂನ ಕೆಳಗೆ ಸಂದೇಶ ಬರೆಯಲು ಸ್ವಲ್ಪ ಜಾಗ ಇರುತ್ತಿತ್ತು. ಬರೆಯಲು ಬಾರದವರು ನನಗೆ ಹೇಳುತ್ತಿದ್ದರು. ಎಲ್ಲರದ್ದೂ ಒಂದೇ ಮಾತು, "ನಾವು ಕ್ಷೇಮ ಅಂತ ಬರೀರಿ." ಹಾಸ್ಟೆಲಿನಲ್ಲಿದ್ದ ಮೊಮ್ಮಗನಿಗೆ ದುಡ್ಡು ಕಳಿಸಲು ಬರುತ್ತಿದ್ದ ಒಬ್ಬ ಅಜ್ಜಿಗೆ ನಾನು ಮೇಷ್ಟ್ರ ಪ್ರಶ್ನೆ ಹಾಕಿದೆ, "ಮನೇಲಿ ಏನು ವಿಶೇಷ ಅಜ್ಜಿ?" "ಎಂಥದೂ ಇಲ್ಲ. ಕೆಂಪಿ ಕರು ಹಾಕ್ತು." "ಯಾವ ಬಣ್ಣ?" "ಹಣೆ ಮೇಲೆ ಬಿಳಿ ಉಂಟು, ಅವನಿಗೆ ಮಚ್ಚೆ ಇದ್ದ ಜಾಗದಲ್ಲೇ." ಅದನ್ನು ಹಾಗೇ ಬರೆದೆ. ಮುಂದಿನ ತಿಂಗಳು ಅಜ್ಜಿ ಬಂದು, ಮೊಮ್ಮಗ ಆ ಚೀಟಿಯನ್ನು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿಕೊಂಡಿದ್ದಾನಂತೆ ಅಂತ ಹೇಳಿದರು. ಆಮೇಲೆ ನಾನೇ ಬರೆದುಕೊಡಬೇಕು ಅಂತ ಸಾಲಿನಲ್ಲಿ ಕಾಯುವವರು ಇದ್ದರು. ಹಳೆಯ ಮನಿ ಆರ್ಡರ್ 2015ರಲ್ಲಿ ನಿಂತುಹೋಯಿತು. ಆ ಸಣ್ಣ ಜಾಗ ಹೋದದ್ದಕ್ಕೆ ನನಗೆ ನಿಜಕ್ಕೂ ದುಃಖವಾಯಿತು.

ಪತ್ರಿಕೆಗಳಲ್ಲಿ ನನ್ನ ಹನ್ನೊಂದು ಕತೆ ಬಂದಿವೆ, ಒಂದಕ್ಕೆ ಬಹುಮಾನವೂ ಬಂತು. ಸನ್ಮಾನದ ದಿನ ನಿಮಗೆ ಬರೆಯಲು ಸಮಯ ಹೇಗೆ ಸಿಗುತ್ತದೆ ಎಂದು ಕೇಳಿದರು. ಮನೆಯ ಕಪಾಟಿನಲ್ಲಿ ಐದು ಸಾಲಿನ ಪುಸ್ತಕಗಳು ಮೂರು ಅಂಕಣ ತುಂಬಿವೆ. ಹೆರಿಗೆಯ ದಿನದ್ದೂ ಇದೆ, ಅಪ್ಪ ಹೋದ ದಿನದ್ದೂ ಇದೆ. ಹೆರಿಗೆಯ ದಿನದ್ದು ಮಾತ್ರ ಎರಡೇ ಸಾಲು.

ಅಣ್ಣನ ಮೊಮ್ಮಗಳು ಈಗ ಹತ್ತನೇ ಕ್ಲಾಸು. ಜಾಣೆ. ಕನ್ನಡದಲ್ಲಿ 125ಕ್ಕೆ 125 ತೆಗೆಯುತ್ತಾಳೆ ಅಂತ ಎಲ್ಲರೂ ಹೇಳುತ್ತಾರೆ, ತೆಗೆದೇ ತೆಗೆಯುತ್ತಾಳೆ. 'ಗ್ರಂಥಾಲಯಗಳ ಮಹತ್ವ' ಪ್ರಬಂಧವನ್ನು ಪೀಠಿಕೆ, ವಿಷಯ ವಿವರಣೆ, ಉಪಸಂಹಾರದ ಸಮೇತ ಬಾಯಿಪಾಠ ಒಪ್ಪಿಸುತ್ತಾಳೆ. "ನೀನು ಯಾವ ಗ್ರಂಥಾಲಯಕ್ಕೆ ಹೋಗಿದ್ದೆ ಪುಟ್ಟಿ?" ಅಂದರೆ, "ಅದು ಸಿಲೆಬಸ್‌ನಲ್ಲಿ ಇಲ್ಲ ಅಜ್ಜಿ" ಅಂದಳು. ಪತ್ರ ಬರೆಯುವುದಕ್ಕೂ 'ನಿಮ್ಮನ್ನು ಇಂಥ ಊರಿನವರು ಎಂದು ಭಾವಿಸಿ' ಅಂತಲೇ ಪ್ರಶ್ನೆ. ತನ್ನ ಊರಿನಿಂದ ತಾನೇ ಬರೆಯುವ ಪತ್ರ ಅವಳಿಗೆ ಯಾರೂ ಕೇಳಿಲ್ಲ. ಈಗಿನ ಮೇಷ್ಟ್ರುಗಳ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಸಾವಿರ ಕೆಲಸ, ತುಂಬಿಸಬೇಕಾದ ದಾಖಲೆಗಳೇ ಜಾಸ್ತಿ. ಆದರೂ ದಿನಕ್ಕೆ ಐದು ನಿಮಿಷ, ಅಲ್ವಾ? ಮಾರ್ಕ್ಸ್ ಇಲ್ಲದ ಐದು ನಿಮಿಷ. ಅವಳಿಗೆ ನಾನೇ ಒಂದು ನೋಟ್‌ಬುಕ್ಕೂ ಹತ್ತು ಪೋಸ್ಟ್ ಕಾರ್ಡೂ ಕೊಟ್ಟಿದ್ದೇನೆ. ನನ್ನ ಶಾಲೆಯ ದಿನಗಳಲ್ಲಿ ಕಾರ್ಡಿಗೆ 15 ಪೈಸೆ ಇತ್ತು, ಈಗಲೂ 50 ಪೈಸೆಯೇ. ಇಲ್ಲಿಯವರೆಗೆ ಎರಡು ಕಾರ್ಡು ಬಂದಿವೆ. ಎರಡನೆಯದರಲ್ಲಿ ಅವರ ಅಪಾರ್ಟ್‌ಮೆಂಟಿನ ವಾಚ್‌ಮನ್ ರೇಡಿಯೋ ಜೊತೆ ಜಗಳ ಆಡುವುದನ್ನು ಬರೆದಿದ್ದಾಳೆ. ನಾನು ಪೆನ್ಸಿಲಿನಲ್ಲಿ 'ಆಮೇಲೆ?' ಅಂತ ಬರೆದು ಉತ್ತರ ಹಾಕಿದ್ದೇನೆ.

ಮೇಷ್ಟ್ರ ಹದಿಮೂರನೇ ದಿನಕ್ಕೆ ಹೋಗಿದ್ದೆ. ಆಷಾಢದ ಮಳೆ, ಅಂಗಳಕ್ಕೆ ತಗಡಿನ ಚಪ್ಪರ ಹಾಕಿದ್ದರು. ಊಟದ ಪಂಕ್ತಿಯಲ್ಲಿ ಬಡಿಸುವವರ ಮಾತು ಕೇಳಿಸುತ್ತಿರಲಿಲ್ಲ, ಅಷ್ಟು ಸದ್ದು. ಹಳೆಯ ವಿದ್ಯಾರ್ಥಿಗಳು ನಲವತ್ತು ಜನರಾದರೂ ಇದ್ದೆವು. ಗೆಳತಿ ಮಾತ್ರ ಬರಲಾಗಲಿಲ್ಲ. ತೋಟಕ್ಕೆ ಕೊಳೆರೋಗ ಬಿದ್ದಿತ್ತು, ಹೊಳವು ಸಿಕ್ಕಿದ ಗಳಿಗೆಯಲ್ಲೇ ಮದ್ದು ಹೊಡೆಸಬೇಕು ಅಂತ ಕಾಯುತ್ತಿದ್ದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ನೋಟ್‌ಬುಕ್ ತೆಗೆದೆ. 'ಮೇಷ್ಟ್ರ ಮನೆಯಲ್ಲಿ ಇವತ್ತು ಜೋರು ಮಳೆ ಬಂತು' ಅಂತ ಬರೆದೆ. ಅಷ್ಟಕ್ಕೇ ಕೈ ನಿಂತಿತು. ಅಂಚಿನ ಖಾಲಿ ಜಾಗ ನೋಡುತ್ತಾ ಕೂತೆ. ಆಮೇಲೆ ಗೆಳತಿಗೆ ಫೋನ್ ಮಾಡಿದೆ. ಅವಳ ಮನೆ ಮೇಷ್ಟ್ರ ಮನೆಯ ಗುಡ್ಡದ ಆಚೆ, ಅಂಗಳದಲ್ಲಿ ಮಳೆ ಡಬ್ಬ ಇಟ್ಟಿದ್ದಾಳೆ.

"ಎಷ್ಟು ಬಂತೇ?"

"ಇವತ್ತಿಂದಾ? ನಾಳೆ ಎಂಟೂವರೆಗೆ ಹೇಳ್ತೀನಿ, ಇರು."

ಸಾಲಿನ ಕೊನೆಯಲ್ಲಿ ಸ್ವಲ್ಪ ಜಾಗ ಬಿಟ್ಟು ಪುಸ್ತಕ ಮುಚ್ಚಿದೆ. ಬೆಳಿಗ್ಗೆ ಫೋನ್ ಬಂತು. ನಾಲ್ಕೂಕಾಲು ಇಂಚು.