ಸಭೆಯಲ್ಲಿ ಎಲ್ಲರಿಂದಲೂ ಉಪಾಯ ಹೊರಡಿಸುವುದು ಹೇಗೆ?

ಉಡುಪಿ ಸುತ್ತಮುತ್ತಲಿನ ಸ್ವಸಹಾಯ ಸಂಘಗಳ, ಶಾಲಾ ಸಮಿತಿಗಳ ಸಭೆಗಳನ್ನು ನಡೆಸಿಕೊಡುವ ನನ್ನನ್ನು ಜನ ಮತ್ತೆ ಮತ್ತೆ ಕೇಳುವುದು ಇದನ್ನೇ: "ನಮ್ಮಲ್ಲಿ ಇಬ್ಬರು ಮೂವರು ಮಾತ್ರ ಮಾತನಾಡುತ್ತಾರೆ, ಉಳಿದವರು ತಲೆಯಾಡಿಸಿ ಎದ್ದು ಹೋಗುತ್ತಾರೆ; ಹೊಸ ಉಪಾಯ ಎಲ್ಲಿಂದ ಬರಬೇಕು?" ನನ್ನ ಉತ್ತರವಿಷ್ಟೆ: ಮೊದಲು ಬರೆಯಿಸಿ, ಆಮೇಲೆ ಮಾತನಾಡಿಸಿ.

ಗುಂಪಾಗಿ ಕುಳಿತು ಟೀಕೆಯನ್ನು ಬದಿಗಿಟ್ಟು ತೋಚಿದ್ದನ್ನೆಲ್ಲ ಹೇಳುವ 'ಬ್ರೇನ್‌ಸ್ಟಾರ್ಮಿಂಗ್' ಕ್ರಮವನ್ನು ಪ್ರಚಾರಕ್ಕೆ ತಂದವರು ಅಮೆರಿಕದ ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್ಬರ್ನ್. ಆದರೆ ಅಷ್ಟೇ ಮಂದಿ ಒಬ್ಬೊಬ್ಬರಾಗಿ ಯೋಚಿಸಿ ಕೊಟ್ಟ ಉಪಾಯಗಳನ್ನು ಒಟ್ಟು ಸೇರಿಸಿದರೆ ಅವು ಗುಂಪಿನ ಉಪಾಯಗಳಿಗಿಂತ ಹೆಚ್ಚಾಗಿರುತ್ತವೆ ಎಂಬುದು 1958ರಲ್ಲಿ ಪ್ರಕಟವಾದ ಯೇಲ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಕಂಡುಬಂತು. ಒಬ್ಬರು ಮಾತನಾಡುವಾಗ ಉಳಿದವರು ಕಾಯಬೇಕು. ಕಾಯುವಷ್ಟರಲ್ಲಿ ಹೊಳೆದದ್ದು ಮರೆತಿರುತ್ತದೆ, ಇಲ್ಲವೇ ಹೇಳುವ ಧೈರ್ಯ ಹೋಗಿರುತ್ತದೆ. ಜರ್ಮನಿಯ ಬರ್ನ್ಡ್ ರೋರ್‌ಬಾಖ್ 1968ರಲ್ಲಿ ಮುಂದಿಟ್ಟ ವಿಧಾನದಲ್ಲಿ ಆರು ಮಂದಿ ತಲಾ ಮೂರು ಉಪಾಯಗಳನ್ನು ಐದು ನಿಮಿಷದಲ್ಲಿ ಬರೆದು ಹಾಳೆಯನ್ನು ಪಕ್ಕದವರಿಗೆ ದಾಟಿಸುತ್ತಾರೆ. ಹೀಗೆ ಆರು ಸುತ್ತು ನಡೆದರೆ ಅರ್ಧ ಗಂಟೆಯಲ್ಲಿ 108 ಉಪಾಯಗಳು ಸೇರುತ್ತವೆ. ಬರೆಯಲು ಬಾರದ ಹಿರಿಯರ ಪಕ್ಕದಲ್ಲಿ ಹೈಸ್ಕೂಲು ಮಕ್ಕಳನ್ನು ಕೂರಿಸಬಹುದು. ಹಿರಿಯರು ತುಳುವಿನಲ್ಲಿ ಹೇಳಿದ್ದನ್ನು ಮಕ್ಕಳು ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆದುಕೊಂಡರೆ ಸಾಕು.

ಇದಕ್ಕಿಂತಲೂ ಮುಖ್ಯವಾದದ್ದು ಪ್ರಶ್ನೆಯನ್ನು ಇಡುವ ರೀತಿ. ಇಷ್ಟೊಂದು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿಯೂ ಏಪ್ರಿಲ್, ಮೇ ತಿಂಗಳಲ್ಲಿ ಎಷ್ಟೋ ಬಾವಿಗಳು ತಳ ಕಾಣುತ್ತವೆ. "ನೀರಿಲ್ಲ, ಏನು ಮಾಡೋಣ?" ಎಂದು ಕೇಳಿದರೆ ಟ್ಯಾಂಕರ್, ಕೊಳವೆಬಾವಿ ಎಂಬಲ್ಲಿಗೆ ಚರ್ಚೆ ನಿಂತುಬಿಡುತ್ತದೆ. "ಮಳೆ ನಿಂತ ಮೇಲೂ ತೋಡಿನಲ್ಲಿ (ಸಣ್ಣ ಹಳ್ಳದಲ್ಲಿ) ಹರಿಯುವ ನೀರನ್ನು ಊರಲ್ಲೇ ಇನ್ನಷ್ಟು ದಿನ ನಿಲ್ಲಿಸುವುದು ಹೇಗೆ?" ಎಂದು ಕೇಳಿದಾಗ, ಅದುವರೆಗೆ ಬಾಯಿ ಬಿಡದಿದ್ದ ಹಿರಿಯರು ತೋಡಿಗೆ ಅಡ್ಡಲಾಗಿ ಮಣ್ಣು, ಕಲ್ಲುಗಳಿಂದ ಕಟ್ಟುತ್ತಿದ್ದ 'ಕಟ್ಟ'ಗಳನ್ನೂ ಮಳೆನೀರು ನಿಲ್ಲಿಸುವ, ಈಗ ಹೂಳು ತುಂಬಿದ 'ಮದಕ' ಎಂಬ ಕೆರೆಗಳನ್ನೂ ನೆನಪಿಸಿಕೊಳ್ಳುತ್ತಾರೆ. ಆ ತಿಳಿವಳಿಕೆ ಊರಿನಲ್ಲಿಯೇ ಇದ್ದರೂ ಯಾರೂ ಅದನ್ನು ಕೇಳಿರುವುದಿಲ್ಲ ಎಂಬುದು ನನ್ನನ್ನು ಪ್ರತಿಬಾರಿಯೂ ಕಲಕುತ್ತದೆ.

ಸಭೆ ನಡೆಸುವವರು ತಮ್ಮ ಪರಿಹಾರವನ್ನು ಹೇಳಬಾರದು, ಅಧ್ಯಕ್ಷರು ಕೊನೆಯಲ್ಲಿ ಮಾತನಾಡಬೇಕು. ಉಪಾಯಗಳೆಲ್ಲ ಗೋಡೆಗೆ ಏರಿದ ಮೇಲೆ ಮಾತ್ರ ಖರ್ಚು, ಜಾಗ, ಆಳುಗಳ ಲೆಕ್ಕ ಹಾಕಿ, ಆರಿಸಿದ ಪ್ರತಿಯೊಂದು ಕೆಲಸದ ಎದುರು ಅದನ್ನು ಹೊತ್ತವರ ಹೆಸರನ್ನೂ ದಿನಾಂಕವನ್ನೂ ಬರೆಯಬೇಕು. ಕಟ್ಟ ಹಾಕುವುದು ಮಳೆಗಾಲ ಮುಗಿದು ತೋಡಿನ ಹರಿವು ತಗ್ಗಿದಾಗಲಾದ್ದರಿಂದ, ನೀರಿನ ಸಭೆಯನ್ನು ಬಾವಿ ಬತ್ತುವವರೆಗೆ ಕಾಯದೆ ಅಕ್ಟೋಬರ್‌ನಲ್ಲಿಯೇ ಕರೆಯಿರಿ.