ಶೇಖರಣಾ ಅಧಿಕಾರಿಯ ಜೇಬಿನಲ್ಲಿದ್ದ ಡ್ಯಾಶ್‌ಬೋರ್ಡ್

ಹಾಲು ಒಕ್ಕೂಟವೊಂದಕ್ಕೆ ನಾನು ಮೊದಲು ಮಾಡಿಕೊಟ್ಟ ಡ್ಯಾಶ್‌ಬೋರ್ಡ್‌ನಲ್ಲಿ ಅಂಕಿಗಳನ್ನು ಚಿತ್ರವಾಗಿ ತೋರಿಸುವ ಹದಿನಾಲ್ಕು ನಕ್ಷೆಗಳಿದ್ದವು. ಪವರ್ ಬಿಐ ಎಂಬ ತಂತ್ರಾಂಶದಲ್ಲಿ ಆರು ವಾರ ಕೂತು ಕಟ್ಟಿದ್ದೆ. ತೋರಿಸಿದ ದಿನ ಸಭೆಯಲ್ಲಿದ್ದವರೆಲ್ಲ ಮೆಚ್ಚಿದರು. ತಿಂಗಳು ಕಳೆದ ಮೇಲೆ ಬಳಕೆಯ ದಾಖಲೆ ತೆಗೆದು ನೋಡಿದರೆ, ಯಾರಿಗೆಂದು ಕಟ್ಟಿದ್ದೆನೋ ಆ ಶೇಖರಣಾ ಅಧಿಕಾರಿ ಅದನ್ನು ತೆರೆದದ್ದು ಎರಡೇ ಸಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ನಸುಕಿನಲ್ಲೇ ಶೀತಲೀಕರಣ ಕೇಂದ್ರಕ್ಕೆ ಹೋದೆ. ಟ್ಯಾಂಕರ್‌ಗಳು ಬರತೊಡಗಿದ್ದವು. ಅಧಿಕಾರಿ ಅಂಗಿಯ ಜೇಬಿನಿಂದ ಅಂಗೈಯಗಲದ ಡೈರಿ ತೆಗೆದರು. ಒಂದು ಪುಟ, ಹನ್ನೊಂದು ಸಾಲು. ಪ್ರತಿ ಸಾಲಿನಲ್ಲೂ ಹಾಲು ತರುವ ಮಾರ್ಗದ ಸಂಖ್ಯೆ, ನಿನ್ನೆ ಬೆಳಗಿನ ಹಾಲು, ಇಂದು ಬೆಳಗಿನ ಹಾಲು, ವ್ಯತ್ಯಾಸ. ಎರಡು ಸಾಲುಗಳಿಗೆ ನೀಲಿ ಪೆನ್ನಿನಲ್ಲಿ ಸುತ್ತು ಹಾಕಿದ್ದರು. “ಈ ಎರಡು ಕಡೆಗೆ ಫೋನ್ ಮಾಡಬೇಕು ಮೇಡಂ, ಉಳಿದದ್ದು ಸರಿಯಿದೆ” ಎಂದರು.

ನನಗೆ ಬೇಕಿದ್ದ ಉತ್ತರ ಅಲ್ಲಿತ್ತು. ಅವರು ಬೆಳಗಿನ ಹಾಲನ್ನು ಬೆಳಗಿನದರೊಂದಿಗೇ ಹೋಲಿಸಿದ್ದರು. ನಾನು ಪ್ರತಿ ಪಾಳಿಯನ್ನೂ ಅದರ ಹಿಂದಿನ ಪಾಳಿಯೊಂದಿಗೆ, ಅಂದರೆ ಸಂಜೆಯದನ್ನು ಬೆಳಗಿನದರೊಂದಿಗೆ, ಹೋಲಿಸಿದ್ದೆ. ಅಲ್ಲಿ ಸಂಜೆ ಬರುವ ಹಾಲು ಬೆಳಗಿನದಕ್ಕಿಂತ ಕಡಿಮೆ. ಹಾಗಾಗಿ ದಿನವೂ ಸಂಜೆ ಹನ್ನೊಂದು ಮಾರ್ಗಗಳೂ ಕೆಂಪಾಗುತ್ತಿದ್ದವು. ದಿನವೂ ಕೂಗುವ ಎಚ್ಚರಿಕೆಗೆ ಯಾರು ಕಿವಿಗೊಡುತ್ತಾರೆ? ಮಾರ್ಗವಾರು ಪಾಲನ್ನಂತೂ ಹನ್ನೊಂದು ಹೋಳುಗಳ ಪೈ ನಕ್ಷೆಯಲ್ಲಿ ತೋರಿಸಿದ್ದೆ. ಒಂದೇ ಅಳತೆಗೆರೆಯ ಮೇಲಿನ ಸ್ಥಾನಗಳನ್ನು ಹೋಲಿಸುವಷ್ಟು ನಿಖರವಾಗಿ ಕಣ್ಣು ಕೋನಗಳನ್ನು ಹೋಲಿಸಲಾರದು ಎಂದು ಸಂಖ್ಯಾಶಾಸ್ತ್ರಜ್ಞರಾದ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ 1984ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಓದಿ ತಿಳಿದಿದ್ದೂ ಹಾಗೆ ಮಾಡಿದ್ದೆ.

ಈ ಸಲ ಕಂಪ್ಯೂಟರ್ ತೆರೆಯಲಿಲ್ಲ. ಅವರ ಮೇಜಿನ ಮೇಲೆಯೇ ಎ4 ಹಾಳೆ ಹರಡಿ, ಪೆನ್ಸಿಲಿನಲ್ಲಿ ಪರದೆಯನ್ನು ಬರೆದೆ. ಮೊದಲ ಸಲ ನಾನೇ ಅಂಕಿಗಳನ್ನು ಕಲ್ಪಿಸಿಕೊಂಡು ಮಾದರಿ ಮಾಡಿದ್ದೆ. ಈಗ ಆ ವಾರದ ರಿಜಿಸ್ಟರ್‌ನಿಂದಲೇ ಇಳಿಸಿಕೊಂಡೆ. ಹತ್ತು ನಿಮಿಷದೊಳಗೆ ದೊಡ್ಡ ತಪ್ಪೊಂದು ಸಿಕ್ಕಿತು. ಹಳ್ಳಿಯ ಹಾಲು ಸಂಘಗಳ ಲೆಕ್ಕ ಲೀಟರ್‌ನಲ್ಲಿತ್ತು, ಡೇರಿಯ ತೂಕ ಕಿಲೋದಲ್ಲಿ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. ಅಂದರೆ ಸಂಘದಿಂದ ಹೊರಟ 1,000 ಲೀಟರ್ ಪೂರ್ತಿ ತಲುಪಿದರೆ ಡೇರಿಯಲ್ಲಿ 1,030 ಕಿಲೋ ಬರಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟಿದ್ದ ನನ್ನ ನಕ್ಷೆಯಲ್ಲಿ ಅಂಕಿಗಳು ಸರಿಸಮ ಕಂಡಿದ್ದರೆ, ದಾರಿಯಲ್ಲಿ ಸುಮಾರು 29 ಲೀಟರ್ ಹಾಲು ಕಾಣೆಯಾಗಿದೆ ಎಂದರ್ಥ. ಕೊರತೆ ಹಿಡಿಯಲೆಂದು ಮಾಡಿದ ನಕ್ಷೆಯೇ ಕೊರತೆಯನ್ನು ಮುಚ್ಚಿಡುತ್ತಿತ್ತು.

ಇನ್ನೊಂದು ತಪ್ಪನ್ನು ಅವರೇ ತೋರಿಸಿದರು. ನೆಟ್‌ವರ್ಕ್ ಇಲ್ಲದ ಊರಿನ ಸಂಘದಿಂದ ಮಾಹಿತಿ ಬಾರದಿದ್ದರೆ ನನ್ನ ಪರದೆ ಸೊನ್ನೆ ತೋರಿಸುತ್ತಿತ್ತು. “ಹಾಲು ಬಾರದಿರುವುದು ಬೇರೆ, ಲೆಕ್ಕ ಬಾರದಿರುವುದು ಬೇರೆ ಮೇಡಂ. ಮೊದಲನೆಯದಾದರೆ ನಾನು ಜೀಪು ಹತ್ತಬೇಕು.” ಆ ಖಾನೆಯಲ್ಲಿ ಈಗ ‘ಮಾಹಿತಿ ಬಂದಿಲ್ಲ’ ಎಂಬ ಬೂದು ಬಣ್ಣದ ಅಕ್ಷರಗಳಿವೆ.

ಹಾಳೆಯನ್ನು ನಾಲ್ಕು ಸಲ ಅಳಿಸಿ ಬರೆದೆವು. ಉಳಿದದ್ದು ಮೊಬೈಲ್‌ನಲ್ಲಿ ಹಿಡಿಯುವ ಹನ್ನೊಂದು ಸಾಲು: ಬೆಳಗಿಗೆ ಬೆಳಗು, ಸಂಜೆಗೆ ಸಂಜೆ, ಹೆಚ್ಚು ಇಳಿದ ಮಾರ್ಗ ಮೊದಲು. ಹಸಿರು ಮೇವಿನ ಕಾಲಕ್ಕೂ ಬೇಸಿಗೆಗೂ ಹಾಲಿನ ಪ್ರಮಾಣ ಬೇರೆಯಾದ್ದರಿಂದ, ಹೋದ ವರ್ಷದ ಇದೇ ವಾರದ ಅಂಕಿಯನ್ನು ಪಕ್ಕದಲ್ಲಿ ಸಣ್ಣದಾಗಿ ಇಟ್ಟೆವು.

ನಾನು ಹೊರಡುವಾಗ ಅವರು ಪೆನ್ಸಿಲ್ ತೆಗೆದುಕೊಂಡು ಹಾಳೆಯ ಬಲತುದಿಯಲ್ಲಿ ಇನ್ನೊಂದು ಗೆರೆ ಎಳೆದರು. ಮೇಲೆ ‘ಕಾರಣ’ ಎಂದು ಬರೆದು, ಏಳನೇ ಮಾರ್ಗದ ಸಾಲಿನಲ್ಲಿ ‘ಊರಹಬ್ಬ’ ಎಂದು ತುಂಬಿದರು. ಹಬ್ಬದ ದಿನ ಜನ ಹಾಲನ್ನು ಮನೆಗೇ ಇಟ್ಟುಕೊಳ್ಳುತ್ತಾರೆ. ನನ್ನ ಹದಿನಾಲ್ಕು ನಕ್ಷೆಗಳಲ್ಲಿ ಇದಕ್ಕೆ ಜಾಗವಿರಲಿಲ್ಲ. ಈಗ ಪ್ರಧಾನ ಕಚೇರಿಯವರು ಪರದೆ ತೆರೆದೊಡನೆ ಮೊದಲು ಓದುವುದು ಆ ಕೊನೆಯ ಖಾನೆಯನ್ನೇ.