ಒಂದು ಶೆಡ್ಡು, ನಾಲ್ಕಾರು ಕಸುಬು

ಶಿರಸಿಯಂಥ ಮಳೆ ಊರಲ್ಲಿ ಗುಡಿಗಾರರ ಮರಕೆತ್ತನೆ, ಬಾಳೆನಾರಿನ ಚೀಲ, ಬೆತ್ತದ ಬುಟ್ಟಿ ಒಂದೇ ಶೆಡ್ಡಿನಲ್ಲಿ ನಡೆಯಬೇಕೆಂದರೆ ಮೊದಲು ಧೂಳಿಗೊಂದು ಗೋಡೆ ಕಟ್ಟಿ. ಸ್ಯಾಂಡ್‌ಪೇಪರ್ ತಿಕ್ಕುವ ಜಾಗದಲ್ಲೇ ಪಾಲಿಶ್ ಹಚ್ಚಿದರೆ ಹೊಳಪೆಲ್ಲ ತರಿತರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಷ್ಟಿನದೇ ಕಾಟ. ನಾರನ್ನು ನೆಲದಿಂದ ಒಂದಡಿ ಮೇಲಿಡಿ, ಗೋಡೆಗೆ ತಾಗಿಸಬೇಡಿ. ಮರದ ತೇವ ಶೇ 12ರ ಆಸುಪಾಸಿಗೆ ಇಳಿಯುವ ಮೊದಲೇ ಉಳಿ ಹಿಡಿದರೆ, ಘಟ್ಟದಾಚೆಯ ಒಣಹವೆಗೆ ಹೋದ ಮೂರ್ತಿ ಬಿರುಕು ಬಿಡುತ್ತದೆ. ತೇವಮಾಪಕ ಎಲ್ಲರೂ ಸೇರಿ ಒಂದು ಕೊಂಡರೆ ಸಾಕು.

ಬಾಡಿಗೆ ಹಂಚುವುದು ಸುಲಭ. ಜಗಳ ಹುಟ್ಟುವುದು ಕರೆಂಟ್ ಬಿಲ್ಲಿನಲ್ಲಿ. ಯಂತ್ರಗಳ ಲೈನಿಗೆ ಬೇರೆ ಸಬ್‌ಮೀಟರ್ ಹಾಕಿಸಿ. ಐವರಿದ್ದವರು ಹತ್ತಾದಾಗ ಮೊದಲು ಸಾಲದಾಗುವುದು ಮೇಜಲ್ಲ, ಒಣಗಿಸುವ ಜಾಗ.